ಔಷಧಿ ಉಚಿತ, ಕಾಯಿಲೆ ದುಬಾರಿ

ನಿಮ್ಮ ಬೀದಿಯಲ್ಲಿರುವ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ನಿನ್ನೆ ಮೊನ್ನೆಯವರೆಗೆ ಯಾರ ಮುಂದೆಯೂ ಕೈಚಾಚದಿದ್ದ ಮನೆ ಅದು. ಯಜಮಾನ ಗಾರೆ ಕೆಲಸಕ್ಕೋ ಸಾಮಿಲ್ಲಿಗೋ ಹೋಗಿ ದುಡಿದು ತರುತ್ತಿದ್ದ. ಮಕ್ಕಳು ಶಾಲೆಗೆ ಹೋಗುತ್ತಿದ್ದರು. ಈದ್ ಬಂದಾಗ ಹೊಸ ಬಟ್ಟೆ ಬರುತ್ತಿತ್ತು. ಹೀಗಿರುವಾಗ ಆತ ಕೆಲಸಕ್ಕೆ ಹೋಗುವುದನ್ನು ನಿಲ್ಲಿಸುತ್ತಾನೆ. ಮಸೀದಿಯ ಸಾಲಿನಲ್ಲಿ ಆತನ ಜಾಗ ಖಾಲಿಯಾಗುತ್ತದೆ. ಕೆಲವು ದಿನಗಳಲ್ಲಿ ಆತನ ಹೆಂಡತಿಯ ಕಿವಿಯೋಲೆ ಕಾಣೆಯಾಗುತ್ತದೆ. ದೊಡ್ಡ ಮಗ ಶಾಲೆ ಬಿಟ್ಟು ಗ್ಯಾರೇಜು ಸೇರುತ್ತಾನೆ. ಕಾರಣ ಕೇಳಿದರೆ, ಸ್ವಲ್ಪ ಹುಷಾರಿಲ್ಲ ಎಂಬ ಉತ್ತರವಷ್ಟೇ ಸಿಗುತ್ತದೆ. ಯಾವ ಕಾಯಿಲೆ ಎಂದು ಮಾತ್ರ ಯಾರೂ ಬಾಯಿಬಿಡುವುದಿಲ್ಲ.

ಇದು ಹುಣಸೂರಿನ ಒಂದು ಮೊಹಲ್ಲಾದ ಮನೆಯಾಗಿರಬಹುದು. ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲದಲ್ಲಿ ಕೂಲಿ ಮಾಡುವವರ ಮನೆಯಾಗಿರಬಹುದು. ಕೆ.ಆರ್. ನಗರದ ಭತ್ತದ ಗದ್ದೆಗಳ ನಡುವಿನ ಹಳ್ಳಿಯದ್ದೋ, ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಯದ್ದೋ ಆಗಿರಬಹುದು. ಮೈಸೂರು ಜಿಲ್ಲೆಯ ಈ ನಾಲ್ಕು ತಾಲೂಕುಗಳಲ್ಲಿ ದಿನಗೂಲಿಯನ್ನೇ ನಂಬಿದ ಸಾವಿರಾರು ಸಂಸಾರಗಳಿವೆ. ಕೊಡಗಿನ ಕಾಫಿ ತೋಟಗಳಿಗೆ ಹೋಗಿ ವಾರಗಟ್ಟಲೆ ದುಡಿದು ಬರುವವರಿದ್ದಾರೆ. ಇಂತಹ ಮನೆಗೆ ಕ್ಷಯ, ಅಂದರೆ ಟಿ.ಬಿ. ಕಾಲಿಟ್ಟಾಗ ಏನಾಗುತ್ತದೆ ಎಂಬುದೇ ಇಂದಿನ ನಮ್ಮ ಚಿಂತನೆಯ ವಿಷಯ.

ಟಿ.ಬಿ.ಯ ಔಷಧಿಗೆ ನಮ್ಮ ದೇಶದಲ್ಲಿ ಹಣ ಕೊಡಬೇಕಾಗಿಲ್ಲ. ಸರಕಾರಿ ಆಸ್ಪತ್ರೆಯಲ್ಲಿ ಕಫದ ಪರೀಕ್ಷೆ ಉಚಿತ, ಮಾತ್ರೆಗಳೂ ಉಚಿತ. ಸಾಮಾನ್ಯ ಟಿ.ಬಿ. ಆರು ತಿಂಗಳು ತಪ್ಪದೆ ಮಾತ್ರೆ ನುಂಗಿದರೆ ವಾಸಿಯಾಗುತ್ತದೆ. ಹಾಗಿದ್ದರೆ ಔಷಧಿ ಪುಕ್ಕಟೆಯಾಗಿ ಸಿಗುವ ಒಂದು ಕಾಯಿಲೆಯಿಂದ ಸಂಸಾರವೊಂದು ಮುಳುಗುವುದಾದರೂ ಹೇಗೆ? ಹಾಗೆ ಮುಳುಗಿದರೆ ಅದರ ಹೊಣೆ ಯಾರದು? ರೋಗಾಣುವಿನದ್ದೇ? ಸರಕಾರದ್ದೇ? ಅಥವಾ ಪಕ್ಕದ ಮನೆಯಲ್ಲಿರುವ ನಮ್ಮದೇ?

ಲೆಕ್ಕ ಹಾಕಿ ನೋಡೋಣ

ನೈತಿಕ ಪ್ರಶ್ನೆಗೆ ಹೋಗುವ ಮೊದಲು ಸ್ವಲ್ಪ ಲೆಕ್ಕ ಹಾಕುವುದು ಒಳ್ಳೆಯದು. ತಿಳಿಯುವ ಸಲುವಾಗಿ ಒಬ್ಬ ಕೂಲಿಗಾರನ ದಿನಗೂಲಿ 400 ರೂಪಾಯಿ ಎಂದು ಇಟ್ಟುಕೊಳ್ಳಿ. ತಿಂಗಳಿಗೆ 20 ದಿನ ಕೆಲಸ ಸಿಕ್ಕಿದರೆ 8,000 ರೂಪಾಯಿ. ವರ್ಷಕ್ಕೆ 96,000. ಆ ಮನೆಯ ಸಂಪಾದನೆ ಇಷ್ಟೇ.

ಆತನಿಗೆ ಸಂಜೆ ಜ್ವರ, ಬಿಡದ ಕೆಮ್ಮು. ಕಾಯಿಲೆ ಯಾವುದೆಂದು ತಿಳಿಯುವ ಮೊದಲಿನ ಒಂದು ತಿಂಗಳಲ್ಲಿ ಅರ್ಧ ದಿನಗಳು ಕೆಲಸ ತಪ್ಪಿದವು; ನಷ್ಟ 4,000 ರೂಪಾಯಿ. ಚಿಕಿತ್ಸೆಯ ಮೊದಲ ಎರಡು ತಿಂಗಳು ಮೈಯಲ್ಲಿ ಶಕ್ತಿಯೇ ಇಲ್ಲ. ನಷ್ಟ 16,000 ರೂಪಾಯಿ. ಒಟ್ಟು 20,000 ಆಯಿತು. ಒಂದು ಮಾತ್ರೆಯನ್ನೂ ಹಣ ಕೊಟ್ಟು ಕೊಳ್ಳದೆ ಆ ಮನೆ ತನ್ನ ವರ್ಷದ ಸಂಪಾದನೆಯ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಕಳೆದುಕೊಂಡಿತು. ಬಸ್ ಚಾರ್ಜು, ಹಾಲು, ಮೊಟ್ಟೆ, ಹಣ್ಣು, ಮೊದಲು ತೋರಿಸಿದ ಖಾಸಗಿ ವೈದ್ಯರ ಫೀಸು ಇವೆಲ್ಲ ಈ ಲೆಕ್ಕದಲ್ಲಿ ಇನ್ನೂ ಸೇರಿಲ್ಲ.

ಐದನೆಯ ಒಂದು ಭಾಗ ಎಂದು ಹೇಳಿದ್ದಕ್ಕೆ ಕಾರಣವಿದೆ. ಟಿ.ಬಿ.ಯಿಂದಾಗಿ ಒಂದು ಮನೆಗೆ ತಗಲುವ ಒಟ್ಟು ಖರ್ಚು ಮತ್ತು ನಷ್ಟ ಆ ಮನೆಯ ವಾರ್ಷಿಕ ಆದಾಯದ ಶೇಕಡಾ 20ನ್ನು ಮೀರಿದರೆ ಅದನ್ನು ವಿಶ್ವ ಆರೋಗ್ಯ ಸಂಸ್ಥೆಯು ಮನೆಯನ್ನೇ ಕುಸಿಯುವಂತೆ ಮಾಡುವ ಹೊರೆ ಎಂದು ಪರಿಗಣಿಸುತ್ತದೆ. 2014ರಲ್ಲಿ ಜಗತ್ತಿನ ರಾಷ್ಟ್ರಗಳು ಒಪ್ಪಿಕೊಂಡ ಟಿ.ಬಿ. ನಿರ್ಮೂಲನ ಯೋಜನೆಯಲ್ಲಿ, 2020ರ ಹೊತ್ತಿಗೆ ಇಂತಹ ಹೊರೆಗೆ ಸಿಲುಕುವ ಒಂದು ಮನೆಯೂ ಇರಬಾರದೆಂದು ಗುರಿಯಿಟ್ಟಿದ್ದರು. ಆ ವರ್ಷ ಬಂದು ಹೋಯಿತು, ಗುರಿ ಈಡೇರಲಿಲ್ಲ. ಹಲವು ದೇಶಗಳಲ್ಲಿ ನಡೆದ ಸಮೀಕ್ಷೆಗಳನ್ನು ಒಟ್ಟುಗೂಡಿಸಿದಾಗ, ಟಿ.ಬಿ. ಬಂದ ಮನೆಗಳಲ್ಲಿ ಸುಮಾರು ಅರ್ಧದಷ್ಟು ಈ ಹೊರೆಯಡಿ ಸಿಲುಕಿರುವುದು ಕಂಡುಬಂತು. 2023ರಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 8 ಲಕ್ಷ ಜನರಿಗೆ ಟಿ.ಬಿ. ತಗುಲಿತು. ಅವರಲ್ಲಿ ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ನಮ್ಮ ದೇಶದವರು.

ಸರಕಾರ ಸುಮ್ಮನೆ ಕುಳಿತಿಲ್ಲ ಎಂಬುದನ್ನೂ ಹೇಳಬೇಕು. 2018ರ ಏಪ್ರಿಲ್‌ನಿಂದ ಟಿ.ಬಿ. ರೋಗಿಯ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿಯನ್ನು ಬ್ಯಾಂಕ್ ಖಾತೆಗೆ ಹಾಕುವ ನಿಕ್ಷಯ್ ಪೋಷಣ್ ಯೋಜನೆ ಜಾರಿಗೆ ಬಂತು. 2024ರ ನವೆಂಬರ್‌ನಿಂದ ಅದನ್ನು 1,000 ರೂಪಾಯಿಗೆ ಏರಿಸಲಾಯಿತು. ಆರು ತಿಂಗಳಿಗೆ 6,000 ರೂಪಾಯಿ. ಇದು ದೊಡ್ಡ ಆಸರೆ, ಸಂಶಯವಿಲ್ಲ. ಆದರೆ ನಮ್ಮ ಲೆಕ್ಕದ ಮನೆಯವನು ಕಳೆದುಕೊಂಡದ್ದು 20,000. ಖಾತೆಯ ತೊಡಕು, ಆಧಾರ್ ತೊಡಕು ಎಂದು ಆ ಹಣವೂ ತಡವಾಗುವುದುಂಟು. ಹಸಿವು ಖಾತೆಗೆ ಹಣ ಬರುವವರೆಗೆ ಕಾಯುವುದಿಲ್ಲ.

ಕಾಯಿಲೆ ಗೊತ್ತಾಗುವ ಮೊದಲೇ

ಈ ಹೊರೆಯ ದೊಡ್ಡ ಪಾಲು ಬೀಳುವುದು ಚಿಕಿತ್ಸೆ ಆರಂಭವಾಗುವ ಮೊದಲು. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕೆಂಬುದು ಎಲ್ಲ ಕಡೆ ಗೋಡೆಯ ಮೇಲೆ ಬರೆದಿರುವ ಮಾತು. ಆದರೂ ಜನ ಮೊದಲು ಹೋಗುವುದು ಮೆಡಿಕಲ್ ಶಾಪಿಗೆ. ಅಲ್ಲಿ ಕೆಮ್ಮಿನ ಸಿರಪ್. ಬಳಿಕ ಒಬ್ಬ ಖಾಸಗಿ ವೈದ್ಯರು, ಅಲ್ಲಿ ಇಂಜೆಕ್ಷನ್. ಆಮೇಲೆ ಇನ್ನೊಬ್ಬರು, ಅಲ್ಲಿ ಎಕ್ಸ್‌ರೇ, ರಕ್ತ ಪರೀಕ್ಷೆ. ಕೊನೆಗೆ ಯಾರೋ ಹೇಳಿದರೆಂದು ಮೈಸೂರಿಗೆ ಪ್ರಯಾಣ. ತಾಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ಆಗುತ್ತಿದ್ದ ಕಫ ಪರೀಕ್ಷೆಯ ಬಳಿಗೆ ಬರುವಷ್ಟರಲ್ಲಿ ಕೈಯಲ್ಲಿದ್ದ ಹಣ ಮುಗಿದಿರುತ್ತದೆ.

ಇದಕ್ಕೆ ರೋಗಿಯ ಅಜ್ಞಾನವೇ ಕಾರಣವೆಂದು ಹೇಳಿ ನಾವು ಕೈತೊಳೆದುಕೊಳ್ಳುತ್ತೇವೆ. ಆದರೆ ನಮ್ಮ ರಾಜ್ಯದಲ್ಲೇ ನಡೆದ ಒಂದು ಅಧ್ಯಯನ ಈ ಮಾತನ್ನು ಅರುವತ್ತು ವರ್ಷಗಳ ಹಿಂದೆಯೇ ಸುಳ್ಳು ಮಾಡಿತ್ತು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಅದರ ಸಂಶೋಧಕರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಟಿ.ಬಿ. ರೋಗಿಗಳನ್ನು ಮಾತನಾಡಿಸಿ 1963ರಲ್ಲಿ ವರದಿ ಪ್ರಕಟಿಸಿದರು. ಬಹುತೇಕ ರೋಗಿಗಳಿಗೆ ತಮ್ಮ ಮೈಯಲ್ಲಿ ಏನೋ ಸರಿಯಿಲ್ಲ ಎಂಬ ಅರಿವಿತ್ತು. ಅರ್ಧದಷ್ಟು ಜನ ಆಗಲೇ ಆಸ್ಪತ್ರೆಯ ಬಾಗಿಲು ತಟ್ಟಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿಯ ಒಂದು ಬಾಟಲಿ. ಬಡವನು ಬಂದಿದ್ದ, ನೋಡಬೇಕಾದವರು ಸರಿಯಾಗಿ ನೋಡಲಿಲ್ಲ. ಆದುದರಿಂದ ಬಡವನಿಗೆ ಬುದ್ಧಿಯಿಲ್ಲ ಎನ್ನುವ ಮೊದಲು ನಾವು ಅಲ್ಲಾಹನನ್ನು ಭಯಪಡಬೇಕು.

ಸ್ಯಾನಿಟೋರಿಯಂನಿಂದ ಮನೆಗೆ

ಮೈಸೂರಿನ ಪಿ.ಕೆ.ಟಿ.ಬಿ. ಸ್ಯಾನಿಟೋರಿಯಂನ ಹೆಸರು ನೀವು ಕೇಳಿರುತ್ತೀರಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಸಹೋದರಿ ಕೃಷ್ಣಾಜಮ್ಮಣ್ಣಿ ಮತ್ತು ಆಕೆಯ ಹೆಣ್ಣು ಮಕ್ಕಳನ್ನು ಬಲಿ ತೆಗೆದುಕೊಂಡದ್ದು ಇದೇ ಕಾಯಿಲೆ. ಆಕೆಯ ನೆನಪಿಗಾಗಿ ಸುಮಾರು ನೂರು ವರ್ಷಗಳ ಹಿಂದೆ ಆ ಆಸ್ಪತ್ರೆಯನ್ನು ಕಟ್ಟಿಸಲಾಯಿತು. ಅರಮನೆಯ ಭಂಡಾರವೂ ಆ ಜೀವಗಳನ್ನು ಉಳಿಸಿಕೊಳ್ಳಲಾಗಲಿಲ್ಲ, ಏಕೆಂದರೆ ಅಂದು ಔಷಧಿಯೇ ಇರಲಿಲ್ಲ. ಇಂದು ಅದೇ ಮೈಸೂರು ಜಿಲ್ಲೆಯ ಗುಡಿಸಲಿಗೂ ಔಷಧಿ ಬರುತ್ತದೆ. ಅರಮನೆಗೆ ಸಿಗದ ಅನುಗ್ರಹ ಗುಡಿಸಲಿಗೆ ಸಿಕ್ಕಿದೆ. ಆದರೆ ಜೀವ ಉಳಿದ ಮೇಲೆ ಆ ಗುಡಿಸಲೇ ಉಳಿಯುತ್ತಿಲ್ಲ ಎಂಬುದು ನಮ್ಮ ಕಾಲದ ದುರಂತ.

ಔಷಧಿ ಬರುವ ಮೊದಲು ಚಿಕಿತ್ಸೆಯೆಂದರೆ ವಿಶ್ರಾಂತಿ, ಗಾಳಿ, ಒಳ್ಳೆಯ ಊಟ. ಅವನ್ನು ಸ್ಯಾನಿಟೋರಿಯಂ ಒದಗಿಸುತ್ತಿತ್ತು. ಔಷಧಿ ಬಂದ ಮೇಲೆ 1956ರಲ್ಲಿ ಮದರಾಸಿನಲ್ಲಿ ಒಂದು ಮಹತ್ವದ ಪ್ರಯೋಗ ಆರಂಭವಾಯಿತು. ಕೆಲವು ಬಡ ರೋಗಿಗಳಿಗೆ ಸ್ಯಾನಿಟೋರಿಯಂನಲ್ಲಿಯೂ ಕೆಲವರಿಗೆ ಅವರ ಮನೆಯಲ್ಲಿಯೂ ಅದೇ ಔಷಧಿ ಕೊಡಲಾಯಿತು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣಮುಖರಾದರೆಂದು 1959ರಲ್ಲಿ ಫಲಿತಾಂಶ ಪ್ರಕಟವಾಯಿತು. ಜಗತ್ತೇ ಈ ದಾರಿಯನ್ನು ಹಿಡಿಯಿತು. ಲಕ್ಷಾಂತರ ಜನರಿಗೆ ಚಿಕಿತ್ಸೆ ಸಿಗುವಂತಾಯಿತು. ಇದು ವೈದ್ಯವಿಜ್ಞಾನದ ದೊಡ್ಡ ಸಾಧನೆ.

ಆದರೆ ಒಂದು ಮಾತನ್ನು ನಾವು ಗಮನಿಸಲಿಲ್ಲ. ರೋಗಿ ಮನೆಗೆ ಬಂದಾಗ ಆತನ ಮಾತ್ರೆಯ ಖರ್ಚು ಸರಕಾರದ ಬಳಿ ಉಳಿಯಿತು, ಆತನ ಊಟ, ವಿಶ್ರಾಂತಿ, ಆರೈಕೆ ಮತ್ತು ತಪ್ಪಿದ ಕೂಲಿಯ ಖರ್ಚು ಮನೆಯ ಪಾಲಿಗೆ ಬಂತು. ಆ ಮನೆಯನ್ನು ಯಾರು ನೋಡಿಕೊಳ್ಳಬೇಕು ಎಂದು ಯಾರೂ ಕೇಳಲಿಲ್ಲ. ಮನೆಯೇ ಆಸ್ಪತ್ರೆಯಾದರೆ ನೆರೆಹೊರೆಯೇ ಆ ಆಸ್ಪತ್ರೆಯ ಆಧಾರಸ್ತಂಭವಾಗಬೇಕಲ್ಲವೇ?

ಅರೆಹೊಟ್ಟೆಯ ಮನೆಯಲ್ಲಿ ಕಾಯಿಲೆ ಒಬ್ಬರಿಗೇ ನಿಲ್ಲುವುದಿಲ್ಲ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರು ಜಾರ್ಖಂಡ್ ರಾಜ್ಯದಲ್ಲಿ ನಡೆಸಿದ ಅಧ್ಯಯನ ಇದನ್ನು ಜಗತ್ತಿಗೆ ತೋರಿಸಿಕೊಟ್ಟಿದೆ. ಅಲ್ಲಿ ಟಿ.ಬಿ. ರೋಗಿಗಳಿಗೆಲ್ಲ ಪ್ರತಿ ತಿಂಗಳು ಆಹಾರಧಾನ್ಯ ಕೊಡಲಾಯಿತು. ಕೆಲವು ಪ್ರದೇಶಗಳಲ್ಲಿ ರೋಗಿಯ ಮನೆಯವರಿಗೂ ಅಕ್ಕಿ ಮತ್ತು ಬೇಳೆ ಕೊಡಲಾಯಿತು. ಫಲಿತಾಂಶ 2023ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಧಾನ್ಯ ಪಡೆದ ಮನೆಯವರಲ್ಲಿ ಹೊಸದಾಗಿ ಟಿ.ಬಿ. ಬರುವುದು ಸುಮಾರು ಶೇಕಡಾ 39ರಷ್ಟು ಕಡಿಮೆಯಾಗಿತ್ತು. ಹೆಚ್ಚು ಹರಡುವ ಬಗೆಯ ಟಿ.ಬಿ. ಶೇಕಡಾ 48ರಷ್ಟು ತಗ್ಗಿತ್ತು. ಒಂದಿಷ್ಟು ಅಕ್ಕಿ, ಒಂದಿಷ್ಟು ಬೇಳೆ! ನೆರೆಯವನು ಹಸಿದಿರುವಾಗ ತಾನು ಹೊಟ್ಟೆತುಂಬ ಉಣ್ಣುವವನು ಸತ್ಯವಿಶ್ವಾಸಿಯಲ್ಲ ಎಂಬ ಪ್ರವಾದಿ(ಸ)ಯವರ ಬೋಧನೆ ನಮಗೆಲ್ಲ ಬಾಯಿಪಾಠ. ನಾವು ಹಂಚುವ ತುತ್ತು ಹಸಿವನ್ನು ನೀಗಿಸುವುದರ ಜೊತೆಗೆ ಒಂದು ಮಗುವನ್ನು ಕಾಯಿಲೆಯಿಂದಲೂ ತಡೆಯಬಲ್ಲದು ಎಂದು ಈಗ ಗೊತ್ತಾಗಿದೆ. ಗೊತ್ತಾದ ಮೇಲೆ ನಮ್ಮ ಹೊಣೆ ಹೆಚ್ಚಾಯಿತು.

ನಮ್ಮ ನಾಲಿಗೆ ಹೇರುವ ಖರ್ಚು

ಈಗ ಎಲ್ಲಕ್ಕಿಂತ ಕಹಿಯಾದ ಮಾತಿಗೆ ಬರೋಣ. ಟಿ.ಬಿ.ಯ ಖರ್ಚಿನ ಒಂದು ಭಾಗವನ್ನು ಆ ಮನೆಯ ಮೇಲೆ ಹೇರುವವರು ನಾವೇ.

ಹುಣಸೂರಿನಲ್ಲೇ ಉಚಿತವಾಗಿ ಔಷಧಿ ಸಿಗುವಾಗ ಒಬ್ಬನು ಸುಮಾರು 45 ಕಿಲೋಮೀಟರ್ ದೂರದ ಮೈಸೂರಿಗೆ ಹೋಗಿ ಹಣ ಕೊಟ್ಟು ತೋರಿಸಿಕೊಳ್ಳುತ್ತಾನೆ. ಏಕೆ? ಇಲ್ಲಿನ ಆಸ್ಪತ್ರೆಯ ಸಾಲಿನಲ್ಲಿ ಪರಿಚಿತರು ಕಂಡಾರು ಎಂಬ ಭಯ. ಆಶಾ ಕಾರ್ಯಕರ್ತೆ ಮನೆಗೆ ಬರುವುದು ಬೇಡವೆನ್ನುತ್ತಾನೆ. ಏಕೆ? ಎದುರುಮನೆಯವರು ವಿಚಾರಿಸಿಯಾರು ಎಂಬ ಭಯ. ಮದುವೆಗೆ ಬಂದ ಮಗಳಿಗೆ ಕೆಮ್ಮು ಬಂದರೆ ತಂದೆತಾಯಿ ತಿಂಗಳುಗಟ್ಟಲೆ ಮುಚ್ಚಿಡುತ್ತಾರೆ. ಏಕೆ? ಒಮ್ಮೆ ಹೆಸರು ಕೆಟ್ಟರೆ ಆ ಮನೆಯ ಬಾಗಿಲಿಗೆ ಪೈಗಾಮ್ ಬರುವುದಿಲ್ಲ. ಈ ಬಸ್ ಚಾರ್ಜು, ಖಾಸಗಿ ಫೀಸು, ಮುಚ್ಚಿಟ್ಟ ತಿಂಗಳುಗಳಲ್ಲಿ ಉಲ್ಬಣಿಸಿದ ಕಾಯಿಲೆಯ ವೆಚ್ಚ ಇವೆಲ್ಲವೂ ನಮ್ಮ ನಾಲಿಗೆಗೆ ಹೆದರಿ ಮಾಡಿದ ಖರ್ಚುಗಳು. ಸಾವಿಗಿಂತಲೂ ಹೆಚ್ಚಾಗಿ ಅವರು ನಮಗೆ ಹೆದರುತ್ತಾರೆ ಎಂದರೆ ನಾವು ಎಂತಹ ನೆರೆಯವರು?

ಸೊಸೆಗೆ ಟಿ.ಬಿ. ಬಂದಾಗ, ವಾಸಿಯಾದ ಮೇಲೆ ಬಾ ಎಂದು ತವರಿಗೆ ಕಳುಹಿಸುವ ಮನೆಗಳಿವೆ. ಖರ್ಚು ತವರಿನ ಬಡ ತಂದೆಯ ತಲೆಗೆ. ಆಕೆ ವಾಸಿಯಾದ ಮೇಲೂ ಕರೆ ಬರುವುದಿಲ್ಲ. ಪತ್ನಿಯರೊಡನೆ ಸದಾಚಾರದಿಂದ ಬಾಳಬೇಕೆಂದು ಪವಿತ್ರ ಕುರ್‌ಆನ್ ಆಜ್ಞಾಪಿಸಿದೆ. ಆ ಆಜ್ಞೆ ಆರೋಗ್ಯವಿರುವ ದಿನಗಳಿಗೆ ಮಾತ್ರ ಸೀಮಿತವೆಂದು ನಮಗೆ ಯಾರು ಹೇಳಿದರು?

ಸತ್ಯವೇನೆಂದರೆ ಟಿ.ಬಿ. ವಂಶದಿಂದ ಬರುವ ಕಾಯಿಲೆಯಲ್ಲ, ಪಾಪದ ಫಲವೂ ಅಲ್ಲ. 1882ರಲ್ಲಿ ಜರ್ಮನಿಯ ರಾಬರ್ಟ್ ಕೋಖ್ ಇದಕ್ಕೆ ಕಾರಣವಾದ ರೋಗಾಣುವನ್ನು ಜಗತ್ತಿಗೆ ತೋರಿಸಿದರು. ಶ್ವಾಸಕೋಶದ ಟಿ.ಬಿ. ಇರುವವರು ಕೆಮ್ಮಿದಾಗ ಅದು ಗಾಳಿಯಲ್ಲಿ ಹರಡುತ್ತದೆ. ತಟ್ಟೆ, ಲೋಟ, ಬಟ್ಟೆಯಿಂದ ಹರಡುವುದಿಲ್ಲ. ಸರಿಯಾದ ಔಷಧಿ ಆರಂಭಿಸಿದ ಕೆಲವೇ ವಾರಗಳಲ್ಲಿ ಸಾಮಾನ್ಯವಾಗಿ ಹರಡುವಿಕೆ ಬಹಳ ತಗ್ಗುತ್ತದೆ. ತಟ್ಟೆಯನ್ನು ಬೇರೆ ಇಟ್ಟದ್ದರಿಂದ ಯಾರೂ ಕಾಯಿಲೆಯಿಂದ ಪಾರಾಗಲಿಲ್ಲ; ರೋಗಿಯ ಮನಸ್ಸು ಮಾತ್ರ ಒಡೆಯಿತು.

ಎಚ್ಚರಿಕೆಯೂ ಬೇಕು, ಕರುಣೆಯೂ ಬೇಕು

ಹಾಗಾದರೆ ಅಂಟುರೋಗದಿಂದ ಎಚ್ಚರವಹಿಸುವುದು ತಪ್ಪೇ ಎಂದು ನೀವು ಕೇಳಬಹುದು. ಖಂಡಿತ ಅಲ್ಲ. ಪ್ಲೇಗ್ ಇರುವ ಊರಿಗೆ ಹೋಗಬಾರದು, ಅಲ್ಲಿರುವವರು ಅಲ್ಲಿಂದ ಓಡಿಹೋಗಲೂ ಬಾರದು ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಹಝ್ರತ್ ಉಮರ್(ರ) ಸಿರಿಯಾಕ್ಕೆ ಹೊರಟಿದ್ದಾಗ ಅಲ್ಲಿ ಪ್ಲೇಗ್ ಹಬ್ಬಿರುವ ಸುದ್ದಿ ಕೇಳಿ ಅರ್ಧದಾರಿಯಿಂದ ಹಿಂದಿರುಗಿದರು. ಕಿಟಕಿ ತೆರೆದಿಡುವುದು, ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯುವುದು, ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳುವುದು ಇವೆಲ್ಲ ಈ ಎಚ್ಚರಿಕೆಯ ಭಾಗವೇ.

ಆದರೆ ಅದೇ ಉಮರ್(ರ) ಸಿರಿಯಾದ ಜಾಬಿಯಾಕ್ಕೆ ಪ್ರಯಾಣ ಮಾಡಿದ ಇನ್ನೊಂದು ಸಂದರ್ಭವನ್ನು ಇತಿಹಾಸಕಾರ ಬಲಾದುರಿ ದಾಖಲಿಸಿದ್ದಾರೆ. ದಾರಿಯಲ್ಲಿ ಅವರಿಗೆ ಕುಷ್ಠರೋಗಕ್ಕೆ ತುತ್ತಾದ ಕ್ರೈಸ್ತರ ಒಂದು ಗುಂಪು ಎದುರಾಯಿತು. ಜನ ಮುಖ ತಿರುಗಿಸುವ ಕಾಯಿಲೆ. ಅದರಲ್ಲೂ ಬೇರೆ ಧರ್ಮದವರು. ಖಲೀಫರು ಅವರಿಗೆ ಸಾರ್ವಜನಿಕ ನಿಧಿಯಿಂದ ನೆರವು ನೀಡುವಂತೆಯೂ ಆಹಾರ ಒದಗಿಸುವಂತೆಯೂ ಆಜ್ಞಾಪಿಸಿದರು. ಅವರಿಗೆ ಕಾಯಿಲೆ ಹೇಗೆ ಬಂತು, ಅವರ ನಡತೆ ಹೇಗಿತ್ತು ಎಂಬ ವಿಚಾರಣೆ ನಡೆಯಲಿಲ್ಲ. ಎಚ್ಚರಿಕೆ ಮತ್ತು ಕರುಣೆ ಒಬ್ಬನೇ ಮನುಷ್ಯನಲ್ಲಿ ಒಟ್ಟಿಗೆ ಇರಬಲ್ಲವು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ? ನಮ್ಮಲ್ಲಿ ಎಚ್ಚರಿಕೆಯ ಹೆಸರಿನಲ್ಲಿ ಕರುಣೆಯನ್ನು ಬಿಟ್ಟುಬಿಡುವವರೇ ಹೆಚ್ಚು.

ಇನ್ನೊಂದು ನಿದರ್ಶನವನ್ನು ನೋಡಿ. ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಮೊರಾಕ್ಕೊದ ಮರ್ರಾಕಿಶ್ ನಗರದಲ್ಲಿ ಸುಲ್ತಾನ್ ಯಾಕೂಬ್ ಅಲ್ ಮನ್ಸೂರ್ ಒಂದು ದೊಡ್ಡ ಆಸ್ಪತ್ರೆಯನ್ನು ಕಟ್ಟಿಸಿದರು. ಅದರ ವ್ಯವಸ್ಥೆಯನ್ನು ಇತಿಹಾಸಕಾರ ಅಬ್ದುಲ್ ವಾಹಿದ್ ಅಲ್ ಮರ್ರಾಕುಶಿ ವಿವರಿಸಿದ್ದಾರೆ. ಬಡ ರೋಗಿಯೊಬ್ಬ ಗುಣಮುಖನಾಗಿ ಹೊರಡುವಾಗ, ಮತ್ತೆ ದುಡಿಯಲು ಶಕ್ತನಾಗುವವರೆಗೆ ಜೀವನ ಸಾಗಿಸಲು ಬೇಕಾಗುವಷ್ಟು ಹಣವನ್ನು ಅವನ ಕೈಗಿಟ್ಟು ಕಳುಹಿಸಲಾಗುತ್ತಿತ್ತು. ಎಂಟು ನೂರು ವರ್ಷಗಳ ಹಿಂದಿನ ಆ ಜನರಿಗೆ ಒಂದು ಸೂಕ್ಷ್ಮ ಗೊತ್ತಿತ್ತು: ಜ್ವರ ಬಿಟ್ಟ ದಿನವೇ ಬಡವನ ಕಾಯಿಲೆ ಮುಗಿಯುವುದಿಲ್ಲ, ಅವನು ಮತ್ತೆ ಕೂಲಿಗೆ ನಿಂತ ದಿನ ಮುಗಿಯುತ್ತದೆ.

ಈ ಸೂಕ್ಷ್ಮವನ್ನು ಮರೆತುದರ ಫಲವನ್ನು ನಾವು ಕಾಣುತ್ತಿದ್ದೇವೆ. ಎರಡು ತಿಂಗಳು ಮಾತ್ರೆ ನುಂಗಿದ ಮೇಲೆ ಕೆಮ್ಮು ನಿಲ್ಲುತ್ತದೆ. ಮನೆಯಲ್ಲಿ ಅಕ್ಕಿ ಮುಗಿದಿದೆ, ಸಾಲದವರು ಬಾಗಿಲಲ್ಲಿ ನಿಂತಿದ್ದಾರೆ. ಆತ ಕೊಡಗಿನ ತೋಟಕ್ಕೆ ಹೊರಟುಹೋಗುತ್ತಾನೆ. ಮಾತ್ರೆ ಅಲ್ಲಿಗೇ ನಿಲ್ಲುತ್ತದೆ. ಕಾಯಿಲೆ ಮರುಕಳಿಸುತ್ತದೆ, ಸಾಮಾನ್ಯ ಮಾತ್ರೆಗಳಿಗೆ ಬಗ್ಗದ ರೂಪದಲ್ಲೂ ಮರುಕಳಿಸಬಹುದು. ಆಗ ಚಿಕಿತ್ಸೆ ಇನ್ನಷ್ಟು ಕಠಿಣ, ಮನೆಯ ನಷ್ಟ ಇನ್ನಷ್ಟು ದೊಡ್ಡದು. ಮಾತ್ರೆ ಬಿಟ್ಟದ್ದು ಆತನ ತಪ್ಪು, ನಿಜ. ಆದರೆ ಆತನನ್ನು ಮಾತ್ರೆ ಮತ್ತು ಮಕ್ಕಳ ಅನ್ನ ಇವೆರಡರಲ್ಲಿ ಒಂದನ್ನು ಆರಿಸಿಕೋ ಎಂಬ ಸ್ಥಿತಿಗೆ ದೂಡಿದವರು ಯಾರು?

ಕೆಲವರ ನೆಪಗಳು

ಇದು ಸರಕಾರದ ಕೆಲಸ ಎನ್ನುವವರಿದ್ದಾರೆ. ಸರಕಾರದ ಕರ್ತವ್ಯ ಸರಕಾರದ್ದು, ಅದನ್ನು ಕೇಳಿ ಪಡೆಯುವುದು ನಮ್ಮ ಹಕ್ಕು. ಆದರೆ ನಾಳೆ ಪರಲೋಕದಲ್ಲಿ ನಮ್ಮನ್ನು ವಿಚಾರಿಸುವುದು ನಮ್ಮ ಕರ್ತವ್ಯದ ಬಗ್ಗೆ. ಅಂದು ಅಲ್ಲಾಹನು ತಾನು ರೋಗಿಯಾಗಿದ್ದಾಗ ನೀನೇಕೆ ನೋಡಲು ಬರಲಿಲ್ಲ ಎಂದು ದಾಸನನ್ನು ಕೇಳುವನೆಂದೂ, ರೋಗಿಯಾಗಿದ್ದ ತನ್ನ ದಾಸನ ಬಳಿಗೆ ಹೋಗಿದ್ದರೆ ಅಲ್ಲಿ ತನ್ನನ್ನು ಕಾಣುತ್ತಿದ್ದೆ ಎಂದು ತಿಳಿಸುವನೆಂದೂ ಪ್ರವಾದಿ(ಸ)ಯವರು ಎಚ್ಚರಿಸಿದ್ದಾರೆ. ಆ ಪ್ರಶ್ನೆಗೆ ಸರಕಾರದ ಕಡೆ ಬೆರಳು ತೋರಿಸಿ ಪಾರಾಗಲಾದೀತೇ?

ಎಲ್ಲವೂ ಅಲ್ಲಾಹನ ವಿಧಿ ಎನ್ನುವವರೂ ಇದ್ದಾರೆ. ಪ್ರತಿ ಕಾಯಿಲೆಗೂ ಅಲ್ಲಾಹನು ಔಷಧಿಯನ್ನು ಇಳಿಸಿದ್ದಾನೆಂದೂ ಚಿಕಿತ್ಸೆ ಮಾಡಿಕೊಳ್ಳಬೇಕೆಂದೂ ಕಲಿಸಿದ ಪ್ರವಾದಿಯ(ಸ) ಅನುಯಾಯಿಗಳು ಈ ಮಾತನ್ನು ಸೋಮಾರಿತನಕ್ಕೆ ಗುರಾಣಿಯಾಗಿ ಬಳಸಬಾರದು. ಒಂಟೆಯನ್ನು ಕಟ್ಟಿ ಆಮೇಲೆ ಭರವಸೆಯಿಡು ಎಂಬ ಪಾಠ ನಮ್ಮದೇ.

ಬೀಡಿ ಸೇದಿದ್ದಕ್ಕೆ ಬಂತು, ಅನುಭವಿಸಲಿ ಎನ್ನುವವರು ಮೂರನೆಯವರು. ಹೊಗೆ ಸೇದುವವರಿಗೆ ಟಿ.ಬಿ.ಯ ಅಪಾಯ ಹೆಚ್ಚು ಎಂಬುದು ನಿಜವೇ. ಆದರೆ ಬೀಡಿಯನ್ನು ಮುಟ್ಟದ ತಾಯಂದಿರಿಗೂ ಮಕ್ಕಳಿಗೂ ಅದು ಬರುತ್ತದೆ. ಅಷ್ಟಲ್ಲದೆ, ಒಬ್ಬನ ತಪ್ಪಿಗೆ ಅವನ ಮಕ್ಕಳ ತಟ್ಟೆ ಖಾಲಿಯಾಗಬೇಕೆಂಬ ನ್ಯಾಯ ಯಾವ ಧರ್ಮದಲ್ಲಿದೆ?

ಸಾಲಗಾರನ ಹಕ್ಕು

ಝಕಾತ್ ಪಡೆಯಲು ಅರ್ಹರಾದ ಎಂಟು ವರ್ಗಗಳನ್ನು ಪವಿತ್ರ ಕುರ್‌ಆನ್ ಹೆಸರಿಸಿದೆ. ಅವರಲ್ಲಿ ಬಡವರಿದ್ದಾರೆ, ನಿರ್ಗತಿಕರಿದ್ದಾರೆ. ಅವರೊಂದಿಗೆ ಸಾಲಗಾರರೂ ಇದ್ದಾರೆ ಎಂಬುದನ್ನು ನಾವು ಎಷ್ಟು ಬಾರಿ ನೆನೆಯುತ್ತೇವೆ? ಕಾಯಿಲೆಯ ಖರ್ಚಿಗಾಗಿ ಒಡವೆ ಅಡವಿಟ್ಟು, ಬಡ್ಡಿಗೆ ಹಣ ತಂದು, ತೀರಿಸಲಾಗದೆ ಒದ್ದಾಡುವವನು ಈ ವರ್ಗಕ್ಕೆ ಸೇರುತ್ತಾನೆ. ಬೀದಿಯಲ್ಲಿ ಕೈಚಾಚುವವನನ್ನು ನಾವು ಗುರುತಿಸುತ್ತೇವೆ. ಸ್ವಾಭಿಮಾನದಿಂದ ಬೇಡದೆ ಉಳಿದು, ತಿಳಿಯದವರ ಕಣ್ಣಿಗೆ ಅನುಕೂಲಸ್ಥನಂತೆ ಕಾಣುವವನ ಕಡೆಗೂ ಕುರ್‌ಆನ್ ನಮ್ಮ ಗಮನ ಸೆಳೆದಿದೆ. ಟಿ.ಬಿ.ಯನ್ನು ಮುಚ್ಚಿಟ್ಟುಕೊಂಡ ಮನೆ ಅಂತಹ ಮನೆಯೇ.

ಬಡ್ಡಿಯ ಮಾತು ಬಂದುದರಿಂದ ಇನ್ನೂ ಒಂದು ಮಾತು. ಕಿರುಸಾಲದ ವಸೂಲಿಯ ಕಿರುಕುಳ ಎಷ್ಟು ಮಿತಿಮೀರಿತೆಂದರೆ, ಅದನ್ನು ತಡೆಯಲು 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಬಡ್ಡಿ ನಿಷಿದ್ಧವೆಂದು ವೇದಿಕೆಯ ಮೇಲೆ ಗುಡುಗುವ ನಾವು, ನಮ್ಮ ಸಹೋದರನು ಬಡ್ಡಿಯವನ ಬಾಗಿಲಿಗೆ ಹೋಗುವ ಮೊದಲು ಅವನ ಬಾಗಿಲಿಗೆ ಹೋಗಿದ್ದೆವೇ? ಇಕ್ಕಟ್ಟಿನಲ್ಲಿರುವ ಸಾಲಗಾರನಿಗೆ ಅನುಕೂಲವಾಗುವವರೆಗೆ ಕಾಲಾವಕಾಶ ಕೊಡಬೇಕು, ಬಿಟ್ಟುಬಿಟ್ಟರೆ ಇನ್ನೂ ಉತ್ತಮ ಎಂಬುದು ಕುರ್‌ಆನಿನ ಬೋಧನೆ. ಬಡ್ಡಿಯಿಲ್ಲದ ಸಾಲ, ಕರ್ಝೆ ಹಸನ, ನಮ್ಮಲ್ಲಿ ಪುಸ್ತಕದ ಪದವಾಗಿ ಉಳಿಯಬಾರದು.

ನಮ್ಮಲ್ಲಿ ಬಹುಮಂದಿ ಝಕಾತನ್ನು ರಮಝಾನಿಗೆ ಕಾದಿಡುತ್ತಾರೆ. ಕಾಯಿಲೆ ರಮಝಾನಿಗೆ ಕಾಯುವುದಿಲ್ಲ. ಮುಹರ್ರಮ್‌ನಲ್ಲಿ ಕೆಮ್ಮಲು ಆರಂಭಿಸಿದವನಿಗೆ ರಮಝಾನಿನಲ್ಲಿ ಹಣ ಕೊಟ್ಟರೆ ಅಷ್ಟರಲ್ಲಿ ಓಲೆ ಮಾರಿ ಹೋಗಿರುತ್ತದೆ, ಮಗ ಶಾಲೆ ಬಿಟ್ಟಿರುತ್ತಾನೆ. ಅವಧಿಗೆ ಮೊದಲೇ ಝಕಾತ್ ಪಾವತಿಸಲು ಪ್ರವಾದಿವರ್ಯರು(ಸ) ತಮ್ಮ ಚಿಕ್ಕಪ್ಪ ಹಝ್ರತ್ ಅಬ್ಬಾಸ್(ರ)ರಿಗೆ ಅನುಮತಿ ನೀಡಿದ್ದರೆಂದು ವರದಿಯಾಗಿದೆ. ಝಕಾತಿನ ವಿವರಗಳನ್ನು ನಿಮ್ಮ ಊರಿನ ವಿದ್ವಾಂಸರಲ್ಲಿ ಕೇಳಿಕೊಳ್ಳಿ. ಇನ್ನು ಸದಕಾಕ್ಕಂತೂ ಧರ್ಮದ ಗೋಡೆಯಿಲ್ಲ. ಕೋಟೆಯ ಹಾಡಿಯಲ್ಲಿ ಕೆಮ್ಮುತ್ತಿರುವ ಜೇನು ಕುರುಬರ ಅಜ್ಜನೂ, ಕೆ.ಆರ್. ನಗರದ ಗದ್ದೆಯ ಕೂಲಿಯಾಳೂ ನಮ್ಮ ನೆರೆಯವರೇ.

ನಾವು ಮಾಡಬಹುದಾದುದು

ಮೊದಲನೆಯದಾಗಿ, ಎರಡು ವಾರ ದಾಟಿದ ಕೆಮ್ಮು ನಿಮ್ಮ ಕಿವಿಗೆ ಬಿದ್ದರೆ ಆ ವ್ಯಕ್ತಿಯನ್ನು ನೀವೇ ತಾಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ಹೋಗಿ ಎಂದು ಹೇಳುವುದು ಬೇರೆ, ಜೊತೆಯಲ್ಲಿ ಹೋಗುವುದು ಬೇರೆ. ಅಂದು ನೀವು ಕಳೆದ ಅರ್ಧ ದಿನ ಆ ಮನೆಗೆ ಹಲವು ಸಾವಿರ ರೂಪಾಯಿಗಳನ್ನು ಉಳಿಸಬಹುದು.

ಎರಡನೆಯದಾಗಿ, ತಪ್ಪಿದ ಕೂಲಿಯನ್ನು ಮರೆಯಬೇಡಿ. ಆಸ್ಪತ್ರೆಯ ಬಿಲ್ಲು ತೋರಿಸಿದರೆ ಮಾತ್ರ ನೆರವು ಎಂಬ ನಿಯಮ ಟಿ.ಬಿ.ಯ ಮನೆಗೆ ಹೊಂದುವುದಿಲ್ಲ, ಏಕೆಂದರೆ ಅಲ್ಲಿ ಬಿಲ್ಲೇ ಇಲ್ಲ. ಇರುವುದು ಖಾಲಿ ಡಬ್ಬ. ಆರು ತಿಂಗಳ ಅಕ್ಕಿ, ಬೇಳೆ, ಎಣ್ಣೆ, ಮೊಟ್ಟೆಯನ್ನು ಹತ್ತು ಮನೆಯವರು ಹಂಚಿಕೊಂಡರೆ ಯಾರಿಗೂ ಭಾರವಾಗದು. 2022ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಸರಕಾರದ ನಿಕ್ಷಯ್ ಮಿತ್ರ ವ್ಯವಸ್ಥೆಯಲ್ಲಿ ವ್ಯಕ್ತಿಗಳೂ ಸಂಘಸಂಸ್ಥೆಗಳೂ ಹೆಸರು ನೋಂದಾಯಿಸಿ, ಒಪ್ಪಿಗೆ ಕೊಟ್ಟ ರೋಗಿಗಳಿಗೆ ಆಹಾರದ ನೆರವು ನೀಡಬಹುದು. ನಿಮ್ಮ ಜಮಾಅತ್ ಈ ದಾರಿಯನ್ನು ಬಳಸಬಾರದೇಕೆ?

ಮೂರನೆಯದಾಗಿ, ಪ್ರಯಾಣದ ಖರ್ಚು. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಚಾರ್ಜು ಇಲ್ಲ. ಆದರೆ ರೋಗಿ ಗಂಡಸಾದರೆ, ಅಥವಾ ಆಕೆಯ ಜೊತೆಗೆ ಮಗನೋ ಗಂಡನೋ ಹೋಗಬೇಕಾದರೆ ಹಣ ಬೇಕು. ಸರಕಾರಿ ಬಸ್ ಹೋಗದ ಹಳ್ಳಿಯಿಂದ ಆಟೋ ಹಿಡಿಯಬೇಕು. ಊರಿನಲ್ಲಿ ಆಟೋ ಓಡಿಸುವ ಸಹೋದರರು ತಿಂಗಳಿಗೆ ಒಂದು ಬಾಡಿಗೆಯನ್ನು ಇದಕ್ಕಾಗಿ ಬಿಟ್ಟುಕೊಡಲಾರರೇ?

ನಾಲ್ಕನೆಯದಾಗಿ, ನೀವು ಕೆಲಸ ಕೊಡುವವರಾಗಿದ್ದರೆ, ನಿಮ್ಮ ಅಂಗಡಿಯ ಆಳಿಗೆ ಟಿ.ಬಿ. ಎಂದು ತಿಳಿದಾಗ ಲೆಕ್ಕ ಚುಕ್ತಾ ಮಾಡಿ ಕಳುಹಿಸಬೇಡಿ. ಅವನ ಜಾಗವನ್ನು ಕಾದಿರಿಸಿ. ವಾಸಿಯಾದ ಮೇಲೆ ಬಾ, ಕೆಲಸ ಇದೆ ಎಂಬ ಒಂದು ಮಾತು ಅವನ ಪಾಲಿಗೆ ಅರ್ಧ ಔಷಧಿ.

ಐದನೆಯದಾಗಿ, ಕೊಡುವಾಗ ಗುಟ್ಟಾಗಿ ಕೊಡಿ. ಹಾರ ಹಾಕಿ, ಫೋಟೋ ತೆಗೆದು, ರೋಗಿಯ ಕೈಗೆ ಕಿಟ್ ಕೊಡುವ ಪದ್ಧತಿ ಬೇಡ. ಉಪಕಾರವನ್ನು ಎತ್ತಿ ಆಡಿ, ನೋಯಿಸಿ ದಾನವನ್ನು ವ್ಯರ್ಥಗೊಳಿಸಿಕೊಳ್ಳಬಾರದೆಂದು ಅಲ್ಲಾಹನು ನಮಗೆ ತಾಕೀತು ಮಾಡಿದ್ದಾನೆ. ಮನೆಯ ಹೆಂಗಸರು ಈ ಕೆಲಸವನ್ನು ಗಂಡಸರಿಗಿಂತ ಚೆನ್ನಾಗಿ ಮಾಡಬಲ್ಲರು. ಒಂದು ಪಾತ್ರೆ ಸಾರು, ಒಂದು ಡಜನ್ ಮೊಟ್ಟೆ ಸೆರಗಿನಡಿ ಎದುರುಮನೆಗೆ ದಾಟಿದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ನೋಡಬೇಕಾದವನು ನೋಡಿಯೇ ನೋಡುತ್ತಾನೆ.

ಕೊನೆಯದಾಗಿ, ಉಪವಾಸದ ತಿಂಗಳಲ್ಲಿ ರೋಗಿಗೆ ರಿಯಾಯಿತಿ ಇದೆ, ಬಿಟ್ಟುಹೋದ ಉಪವಾಸವನ್ನು ಆಮೇಲೆ ಪೂರೈಸಬಹುದು ಎಂಬುದನ್ನು ರೋಗಿಗೂ ಅವನ ಮನೆಯವರಿಗೂ ನೆನಪಿಸಿ. ಜನ ಏನೆಂದಾರು ಎಂದು ಹೆದರಿ ನಿತ್ಯದ ಮಾತ್ರೆ ತಪ್ಪಿಸುವುದು ಭಕ್ತಿಯಲ್ಲ.

ಪ್ರಿಯ ಓದುಗರೇ, ಆರಂಭದಲ್ಲಿ ಹೇಳಿದ ಆ ಮನೆಗೆ ಮರಳೋಣ. ಮಾತ್ರೆಯನ್ನು ಸರಕಾರ ಕೊಟ್ಟಿದೆ. ಮಾತ್ರೆಗೆ ಗುಣಕೊಡುವ ಶಕ್ತಿಯನ್ನು ಅಲ್ಲಾಹನು ಕೊಟ್ಟಿದ್ದಾನೆ. ಇವೆರಡರ ನಡುವೆ ಒಂದು ಜಾಗ ಖಾಲಿ ಉಳಿದಿದೆ. ಅದು ನೆರೆಯವನ ಜಾಗ. ಆ ಮನೆಯವನು ನಮ್ಮಿಂದ ಭಿಕ್ಷೆಯನ್ನು ಬಯಸುತ್ತಿಲ್ಲ. ನಮ್ಮ ಸಂಪತ್ತಿನಲ್ಲಿರುವ ತನ್ನ ಪಾಲನ್ನು, ನಮ್ಮ ಮಾತಿನಲ್ಲಿ ತನ್ನ ಮಾನವನ್ನು ಮಾತ್ರ ಬಯಸುತ್ತಿದ್ದಾನೆ. ಮೊದಲನೆಯದನ್ನು ಕೊಡಲು ಸಂಪತ್ತು ಬೇಕು. ಎರಡನೆಯದನ್ನು ನಮ್ಮಲ್ಲಿ ಅತ್ಯಂತ ಬಡವನೂ ಕೊಡಬಲ್ಲನು.

ಇಂದು ಮಗ್ರಿಬ್ ನಮಾಝ್ ಮುಗಿಸಿ ಹೊರಬರುವಾಗ ಸಾಲಿನಲ್ಲಿ ಯಾರ ಜಾಗ ಖಾಲಿಯಿತ್ತೆಂದು ಒಮ್ಮೆ ನೆನಪು ಮಾಡಿಕೊಳ್ಳಿ. ಆ ಮನೆಯ ಬಾಗಿಲು ತಟ್ಟಿ. ಕಾಯಿಲೆ ಯಾವುದೆಂದು ಕೇಳಬೇಡಿ. ಮನೆಯಲ್ಲಿ ಅಕ್ಕಿ ಇದೆಯೇ ಎಂದು ಕೇಳಿ. ನೆರೆಯವನ ಹಕ್ಕನ್ನು ಅರಿತು ನಡೆಯುವ ಸಾಮರ್ಥ್ಯವನ್ನು ಅಲ್ಲಾಹನು ನಮಗೆಲ್ಲ ದಯಪಾಲಿಸಲಿ, ರೋಗದಲ್ಲಿರುವ ಎಲ್ಲರಿಗೂ ಪೂರ್ಣ ಆರೋಗ್ಯವನ್ನು ಅನುಗ್ರಹಿಸಲಿ.